ಅವ್ವ ನಿಂತ ಮಣೆ

ಬೆಳ್ಳುಳ್ಳಿ, ಅಜವಾನ ಹಾಕಿ ಎಳ್ಳೆಣ್ಣೆ ಕಾಯಿಸಿದವರಿಗೆ ಆ ಗಳಿಗೆ ಗೊತ್ತಿರುತ್ತದೆ. ಬೆಳ್ಳುಳ್ಳಿ ಎಸಳು ಕೆಂಪಾಗಿ, ಇನ್ನೊಂದು ಚಣ ಬಿಟ್ಟರೆ ಕರಕಾಗುತ್ತದೆ ಅನ್ನುವಾಗ ಒಂದು ಘಾಟು ವಾಸನೆ ಎದ್ದು ಮನೆಯ ಮೂಲೆಮೂಲೆಗೂ ಹೋಗಿ ಕೂರುತ್ತದೆ. ಹಾಸಿಗೆಗೆ ಹತ್ತುತ್ತದೆ, ಒಣಹಾಕಿದ ಬಟ್ಟೆಗೆ ಹತ್ತುತ್ತದೆ, ಮರುದಿನ ಬೆಳಗಿನ ಚಹಾದಲ್ಲೂ ಸಣ್ಣಗೆ ಇಣುಕುತ್ತದೆ. ಹೋದ ತಿಂಗಳು ಬಸವನ ಬಾಗೇವಾಡಿಯ ನಮ್ಮ ಮನೆಯಲ್ಲಿ ನಾನು ನನ್ನದೇ ಸೊಂಟಕ್ಕೆಂದು ಈ ಎಣ್ಣೆ ಕಾಯಿಸುತ್ತಿದ್ದೆ. ವರ್ಷಗಳಿಂದ ಇದ್ದ ನೋವು ಈಗ ಶಾಲೆಯಲ್ಲಿ ಹಲಗೆಯ ಮುಂದೆ ನಿಂತು ಒಂದು ಪಾಠ ಮುಗಿಸಲಿಕ್ಕೂ ಬಿಡದಷ್ಟು ಬಲಿತಿತ್ತು. ಮಕ್ಕಳಿಗೆ ನೆಟ್ಟಗೆ ಕೂರಿ ಎಂದು ಗದರಿಸುವ ಟೀಚರು ತಾನೇ ಮೇಜಿಗೆ ಜೋತುಬಿದ್ದು ಪಾಠ ಹೇಳುವುದೆಂದರೆ ನಗೆಪಾಟಲೇ ಸರಿ. ಎಣ್ಣೆಯ ವಾಸನೆ ಮೂಗಿಗೆ ಬಡಿದದ್ದೇ ತಡ, ಬಾಗೇವಾಡಿಯೂ ಇಲ್ಲ, ಶಾಲೆಯೂ ಇಲ್ಲ. ಒಂಬತ್ತು ವರ್ಷದ ನಾನು ಸಿಂದಗಿಯ ನಮ್ಮ ಮನೆಯ ಪಡಸಾಲೆಯಲ್ಲಿ, ಬಿಸಿ ಬಟ್ಟಲನ್ನು ಅರಿವೆಯಲ್ಲಿ ಹಿಡಿದುಕೊಂಡು, ಅವ್ವನ ಬಲಭುಜದ ಹಿಂದೆ ನಿಂತಿದ್ದೆ.

ಆ ಮನೆ ಈಗ ಇಲ್ಲ. ಬಸ್ ಸ್ಟ್ಯಾಂಡಿನಿಂದ ಹೆಚ್ಚು ದೂರವಿರದ ಓಣಿಯೊಂದರಲ್ಲಿ ಮಣ್ಣಿನ ಮಾಳಿಗೆಯ ಮನೆ ಅದು. ಮಧ್ಯಾಹ್ನ ಬೆಳಕಿಂಡಿಯಿಂದ ಬಿಸಿಲಿನ ಕೋಲು ಇಳಿದು ಪಡಸಾಲೆಯ ಫರಸಿ ಕಲ್ಲಿನ ನೆಲದ ಮೇಲೆ ನಿಧಾನಕ್ಕೆ ನಡೆಯುತ್ತ ಹೋಗುತ್ತಿತ್ತು. ಆಯಿ, ಅಂದರೆ ಅಪ್ಪನ ತಾಯಿ, ಅದನ್ನು ನೋಡಿಯೇ ಹೊತ್ತು ಹೇಳುತ್ತಿದ್ದಳು. ನಮ್ಮ ಮನೆಯಲ್ಲಿ ದೇವರ ದೀಪಕ್ಕೆ ಸುರಿದ ಎಣ್ಣೆಗಿಂತ ಮೈಗೆ ತಿಕ್ಕಿದ ಎಣ್ಣೆಯೇ ಹೆಚ್ಚು. ಆಯಿ ಒಂದು ಮೊಣಕಾಲು ಎತ್ತಿ, ಅದರ ಮೇಲೆ ಗದ್ದ ಊರಿ, ದಿನವೆಲ್ಲ ತೊಗರಿಬೇಳೆಯಲ್ಲಿ ಹರಳು ಆರಿಸುತ್ತ ಕೂತು ಸಂಜೆಗೆ ಬೆನ್ನು ಹಿಡಿಯಿತೆಂದು ನರಳುತ್ತಿದ್ದಳು. ಅಪ್ಪನದು ಬಟ್ಟೆ ಅಂಗಡಿ. ಗಾದಿಯ ಮೇಲೆ ಎಡಕ್ಕೆ ವಾಲಿ ಲೋಡಿಗೆ ಒರಗಿ ಕೂತು ಕೂತು ಅವನ ಎಡಸೊಂಟ ಹಿಡಿದಿತ್ತು. ಯಾರಿಗೂ ತಾವು ಕೂರುವ ರೀತಿಗೂ ನೋವಿಗೂ ಏನೋ ಸಂಬಂಧವಿದೆ ಎಂದು ಹೊಳೆದದ್ದೇ ಇಲ್ಲ. ಎಲ್ಲದಕ್ಕೂ ಒಂದೇ ಹೆಸರು, ವಾಯು. ವಾಯುವಿಗೆ ಒಂದೇ ಮದ್ದು, ಎಣ್ಣೆ. ನಿಮ್ಮ ಮನೆಯಲ್ಲೂ ಹಾಗೆಯೇ ಇದ್ದಿರಬೇಕು. ಆ ಕಾಲದ ಯಾವ ಮನೆಯಲ್ಲಿ ಇರಲಿಲ್ಲ?

ಮನೆಯಲ್ಲಿ ನೋವಿಲ್ಲದೆ ಇದ್ದವನೆಂದರೆ ಮುತ್ಯಾ ಒಬ್ಬನೇ. ಅಪ್ಪನ ತಂದೆ. ಆರಡಿಯ ಆಳು, ಎಪ್ಪತ್ತು ದಾಟಿದ್ದರೂ ಗೋಡೆಯ ಹಾಗೆ ನೆಟ್ಟಗೆ. ದಿನಾ ಹೊಲಕ್ಕೆ ನಡೆದು ಹೋಗಿ ನಡೆದು ಬರುವವನು. ಮನುಷ್ಯ ಬೆನ್ನು ಬಗ್ಗಿಸಬೇಕಾದ್ದು ಎರಡೇ ಕಡೆ, ಹೊಲದಾಗ ಮತ್ತು ದೇವರ ಮುಂದೆ ಎಂದು ಅವನ ವಾದ. ಊಟಕ್ಕೆ ಅವನಿಗೊಂದು ಬೇವಿನ ಮಣೆ ಇತ್ತು. ಅಗಲವಾದದ್ದು, ಅರ್ಧ ಗೇಣು ಎತ್ತರದ್ದು, ಅವನ ಅಪ್ಪನ ಕಾಲದ್ದು. ಮುಂದೆ ಗಂಗಾಳ ಇಡಲಿಕ್ಕೆ ಮೂರು ಕಾಲಿನ ಅಡ್ಡಣಿಗೆ. ಆ ಮಣೆಯ ಮೇಲೆ ಅಪ್ಪನೂ ಕೂರುತ್ತಿರಲಿಲ್ಲ. ನಾನು ಒಮ್ಮೆ ಅದನ್ನು ದಾಟಿ ಓಡಿದ್ದಕ್ಕೆ ಆಯಿ ಕಿವಿ ಹಿಂಡಿ, ತಿರುಗಿ ದಾಟಿಸಿ, ಮುಟ್ಟಿ ನಮಸ್ಕಾರ ಮಾಡಿಸಿದ್ದಳು. ಅನ್ನ ಉಣ್ಣುವ ಜಾಗ ಅದು, ದೇವರ ಜಗುಲಿಗೂ ಅದಕ್ಕೂ ನಮ್ಮಲ್ಲಿ ಹೆಚ್ಚು ಫರಕಿರಲಿಲ್ಲ.

ಅವ್ವ ದೇವಣಗಾಂವದವಳು. ಗಿಡ್ಡ ಆಳು, ಮುತ್ಯಾನ ಪಕ್ಕ ನಿಂತರೆ ಅವನ ಎದೆಗೂ ಬರುತ್ತಿರಲಿಲ್ಲ. ಮನೆಗೆ, ಹೊಲದ ಆಳುಗಳಿಗೆ ಸೇರಿ ದಿನಕ್ಕೆ ಮೂವತ್ತಕ್ಕೆ ಕಡಿಮೆಯಿಲ್ಲದ ರೊಟ್ಟಿ ಬಡಿಯುತ್ತಿದ್ದಳು. ಮೊದಲು ಒಲೆ ನೆಲದ ಮೇಲಿತ್ತು. ಒಂದು ಕಾಲು ಮಡಚಿ ಕೂತು ರೊಟ್ಟಿ ಬಡಿದು ಏಳುವಾಗ ಅವಳ ಮೊಣಕಾಲು ಕಟಕ್ಕೆನ್ನುತ್ತಿದ್ದವು, ಗೋಡೆ ಹಿಡಿದೇ ಏಳಬೇಕಾಗುತ್ತಿತ್ತು. ಒಂದು ದಿನ ಪಡಸಾಲೆಯಲ್ಲಿ ಕೂತಿದ್ದ ಮುತ್ಯಾ ಅದನ್ನು ಬಾಗಿಲ ಸಂದಿಯಿಂದ ನೋಡಿದ. ಆಗ ಗ್ಯಾಸ್ ಒಲೆಗಳು ನಮ್ಮ ಕಡೆ ಮನೆಮನೆಗೆ ಬರತೊಡಗಿದ್ದ ಕಾಲ. ಯಾರದೋ ಮನೆಯಲ್ಲಿ ನಿಂತು ಅಡಿಗೆ ಮಾಡುವ ಕಟ್ಟೆಯನ್ನು ನೋಡಿ ಬಂದಿದ್ದ ಅವನು, ನಮ್ಮ ಮನೆಯಲ್ಲೂ ಅಂಥದ್ದೊಂದು ಆಗಬೇಕು ಎಂದು ಹೇಳಿಬಿಟ್ಟ. ನಿಂತು ಅಡಿಗೆ ಮಾಡಿದರೆ ಮನೆಯಲ್ಲಿ ಲಕ್ಷ್ಮಿ ನಿಲ್ಲುವುದಿಲ್ಲ ಎಂದು ಆಯಿ ನಾಲ್ಕು ದಿನ ರಾಗ ಎಳೆದಳು. ಮುತ್ಯಾ ಕೇಳಲಿಲ್ಲ. ಸೊಸೆಯ ಸಲುವಾಗಿ ಹೆಂಡತಿಯ ಮಾತು ಮೀರಿದ್ದು ಅದೇ ಮೊದಲು ಎಂದು ಅಪ್ಪ ಆಮೇಲೆ ನಗುತ್ತ ಹೇಳುತ್ತಿದ್ದ.

ಕಟ್ಟೆ ಕಟ್ಟುವ ಗೌಂಡಿ ಬಂದ ದಿನ ನನಗೆ ಚೆನ್ನಾಗಿ ನೆನಪಿದೆ. ಹೊರಗಿನ ಗಂಡಸು, ಅದರ ಮೇಲೆ ಮಾವ. ಇಬ್ಬರೂ ಅಡಿಗೆಮನೆಯೊಳಗೆ ಇರುವಾಗ ಅವ್ವ ಅಲ್ಲಿ ನಿಲ್ಲುವುದು ಹೇಗೆ? ತಲೆ ಮೇಲೆ ಸೆರಗೆಳೆದುಕೊಂಡು ಒಳಕೋಣೆಯ ಬಾಗಿಲ ಹಿಂದೆ ಸೇರಿಕೊಂಡಳು. ನಾನು ಅವಳ ಸೀರೆ ಹಿಡಿದು ಇಣುಕುತ್ತಿದ್ದೆ. ಕಟ್ಟೆಯ ಎತ್ತರ ಎಷ್ಟಿರಬೇಕೆಂದು ಗೌಂಡಿ ಕೇಳಿದ. ಮುತ್ಯಾ ಗೋಡೆಗೆ ತಾಗಿ ನೆಟ್ಟಗೆ ನಿಂತು, ಅಂಗೈಯನ್ನು ತನ್ನ ಸೊಂಟದ ಮಟ್ಟಕ್ಕೆ ಹಿಡಿದು, ಇಷ್ಟು ಇರಲಿ ಎಂದ. ಗೌಂಡಿ ಇದ್ದಿಲಿನಿಂದ ಗೀಟು ಹಾಕಿಕೊಂಡ. ಹುಟ್ಟಿದಾಗಿನಿಂದ ಒಂದು ರೊಟ್ಟಿಯನ್ನೂ ಬಡಿಯದ ಮನುಷ್ಯನ ಸೊಂಟಕ್ಕೆ, ದಿನಾ ಮೂವತ್ತು ಬಡಿಯುವವಳ ಕಟ್ಟೆಯ ಅಳತೆ! ಈಗ ಬರೆಯುವಾಗ ನಗು ಬರುತ್ತದೆ, ಸಿಟ್ಟೂ ಬರುತ್ತದೆ. ಆದರೆ ಆವತ್ತು ಆ ಮನೆಯಲ್ಲಿ ಯಾರಿಗೂ ಅದು ತಪ್ಪೆನಿಸಲಿಲ್ಲ. ಬಾಗಿಲ ಹಿಂದೆ ಅವ್ವ ತನ್ನ ಅಂಗೈಯನ್ನು ಮೆಲ್ಲಗೆ ತನ್ನ ಎದೆಯ ಮಟ್ಟಕ್ಕೆ ಇಟ್ಟುಕೊಂಡು ನೋಡಿದ್ದನ್ನು ನಾನೊಬ್ಬಳೇ ಕಂಡೆ. ಅದೇನೆಂದು ನನಗೆ ತಿಳಿಯಲಿಲ್ಲ.

ಕಡಪಾ ಕಲ್ಲಿನ ಕರೀ ಕಟ್ಟೆ ಎದ್ದಿತು. ಮುತ್ಯಾನ ಸಂಭ್ರಮ ಹೇಳತೀರದು. ಯಂಕಂಚಿಯಿಂದ ಬಂದ ಬೀಗರಿಗೆ, ತೊಗರಿ ಮಾರಲು ಬಂದು ಚಹಾಕ್ಕೆ ಕೂತವರಿಗೆ, ಎಲ್ಲರಿಗೂ ಅಡಿಗೆಮನೆಯ ಹೊಸ್ತಿಲ ತನಕ ಕರೆತಂದು ತೋರಿಸುತ್ತಿದ್ದ. ತಾನು ಹೊಸ್ತಿಲು ದಾಟುತ್ತಿರಲಿಲ್ಲ; ಒಲೆ ಹತ್ತಿದ ಮೇಲೆ ಅಡಿಗೆಮನೆಗೆ ಗಂಡಸರು ಕಾಲಿಡುವ ರೂಢಿ ನಮ್ಮಲ್ಲಿರಲಿಲ್ಲ. "ನಮ್ಮ ಸೊಸಿ ಇನ್ಮುಂದ ನೆಲಕ್ಕ ಕುಂದ್ರೂದಿಲ್ಲ" ಎಂದು ಅವನು ಹೇಳುವಾಗ ಅವ್ವ ಒಳಗೆ ತಲೆ ತಗ್ಗಿಸಿ ನಗುತ್ತಿದ್ದಳು. ಖರೆ ಹೇಳಬೇಕೆಂದರೆ ಅವಳ ಮೊಣಕಾಲು ಹಗುರಾದವು. ಎರಡು ತಿಂಗಳು ಅವಳು ಗೋಡೆ ಹಿಡಿಯದೆ ಓಡಾಡಿದಳು.

ಆಮೇಲೆ ಬಲಭುಜ ಹಿಡಿಯಿತು. ರೊಟ್ಟಿ ಬಡಿಯುವುದೆಂದರೆ ಮೇಲಿನಿಂದ ಕೈಯ ಭಾರ ಹಿಟ್ಟಿನ ಮೇಲೆ ಬೀಳಬೇಕು; ಅವ್ವನ ಕೈ ಕೆಳಗಿನಿಂದ ಮೇಲೇರಿ ಬಡಿಯಬೇಕಾಗಿತ್ತು. ಮೊಣಕೈ ಎತ್ತಿ, ಭುಜ ಕಿವಿಗೆ ತಾಗುವಂತೆ ಏರಿಸಿ, ತುದಿಗಾಲಲ್ಲಿ ನಿಂತು ಮೂವತ್ತು ರೊಟ್ಟಿ. ಮೊದಲು ಸಂಜೆ ಸಂಜೆ ನೋವು, ಆಮೇಲೆ ದಿನವೆಲ್ಲ, ವರ್ಷ ತುಂಬುವಷ್ಟರಲ್ಲಿ ಕೈ ಹೆಗಲಿಗಿಂತ ಮೇಲೆ ಏಳದಾಯಿತು. ದಿನಾ ಬೆಳಿಗ್ಗೆ ಅವ್ವ ನನ್ನ ತಲೆ ಬಾಚಿ ಎರಡು ಜಡೆ ಹಾಕುತ್ತಿದ್ದಳು. ಒಂದು ದಿನ ಅರ್ಧ ಜಡೆಗೆ ಅವಳ ಕೈ ನಿಂತುಬಿಟ್ಟಿತು. ಹಣಿಗೆ ಕೆಳಗೆ ಬಿತ್ತು. ನಾನು ತಿರುಗಿ ನೋಡಿದರೆ ಅವಳು ತುಟಿ ಕಚ್ಚಿಕೊಂಡು ಗೋಡೆ ನೋಡುತ್ತಿದ್ದಳು. ಅಂದಿನಿಂದ ಜಡೆ ಹಾಕುವ ಕೆಲಸ ಆಯಿಯದಾಯಿತು. ಆಯಿ ಎಳೆದು ಹಾಕಿದ ಜಡೆಗೆ ನನ್ನ ಹುಬ್ಬು ಹಣೆಗೇರುತ್ತಿದ್ದವು. ನನಗೆ ಅತ್ತು ಅತ್ತು ಸಾಕಾಗುತ್ತಿತ್ತು, ಅದು ಜಡೆ ಬಿಗಿಯಾಗಿದ್ದಕ್ಕಷ್ಟೇ ಅಲ್ಲ.

ಏನೇನು ಮಾಡಲಿಲ್ಲ! ಉಪ್ಪು ಹುರಿದು ಗಂಟು ಕಟ್ಟಿ ಶಾಖ ಕೊಟ್ಟರು. ಕೈ ಎಳೆದು ನರ ಬಿಡಿಸುವ ಅಜ್ಜನೊಬ್ಬ ಬಂದು ಎಳೆದು ಹೋದ, ಮರುದಿನ ಅವ್ವನಿಗೆ ಜ್ವರ ಬಂತು. ಡಾಕ್ಟರ ಕಡೆ ಸೂಜಿ ಮಾಡಿಸಿದರು, ನೋವು ನಾಲ್ಕು ದಿನ ಇಳಿದು ಮತ್ತೆ ಏರಿತು. ಕಡೆಗೆ ಆಯಿಯ ಹಟಕ್ಕೆ ಚುಟಿಗೆ ಹಾಕಿಸಿದರು. ಕಾಯಿಸಿದ ಅರಿಶಿನ ಕೊಂಬಿನಿಂದ ಭುಜದ ಮೇಲೆ ಎರಡು ಕಡೆ ಸುಟ್ಟರು. ಅವ್ವ ಕಿರುಚಲಿಲ್ಲ. ಕಿರುಚಿದವಳು ನಾನು. ಸೋಜಿಗವೆಂದರೆ, ದಣಿವಾರಿಸಿಕೊಳ್ಳಲಿ ಎಂದು ಅಪ್ಪ ಹದಿನೈದು ದಿನ ದೇವಣಗಾಂವಕ್ಕೆ ಕಳಿಸಿದಾಗಲೆಲ್ಲ ನೋವು ತಾನಾಗಿಯೇ ಇಳಿಯುತ್ತಿತ್ತು. ಅಲ್ಲಿ ಇನ್ನೂ ನೆಲದ ಒಲೆಯೇ ಇತ್ತಲ್ಲ, ಅದರ ಮುಂದೆ ಕೂತು ರೊಟ್ಟಿಯನ್ನೂ ಬಡಿದು ಬರುತ್ತಿದ್ದಳು. ಸಿಂದಗಿಗೆ ಬಂದ ವಾರಕ್ಕೆ ಮತ್ತೆ ಅದೇ ಹಾಡು. ಇದರಿಂದ ಆಯಿಗೆ ಒಂದು ಅರ್ಥ ಸಿಕ್ಕಿತು. "ತವರಾಗ ಇಳೀತೈತಿ, ಇಲ್ಲಿ ಏರ್ತೈತಿ. ಇದೆಂಥ ಬ್ಯಾನಿ ನಮ್ಮವ್ವಾ?" ಎಂದು ಓಣಿಯ ಹೆಂಗಸರ ಮುಂದೆ ಕೇಳತೊಡಗಿದಳು. ಕೇಳುವವರು ಕಣ್ಣಲ್ಲೇ ಉತ್ತರ ಕೊಡುತ್ತಿದ್ದರು. ನಾಟಕ ಅನ್ನುವ ಮಾತು ಯಾರ ಬಾಯಿಂದಲೂ ಬರಲಿಲ್ಲ, ಬಂದಿದ್ದರೆ ಅವ್ವ ಜಗಳವನ್ನಾದರೂ ಆಡಬಹುದಿತ್ತು.

ಮೂರು ಮನೆ ಆಚೆ ಮಾಬೂಬಿ ಚಿಗವ್ವ ಇದ್ದಳು. ಓಣಿಯ ಹೆಂಗಸರ ಜಂಪರ್‌ಗಳನ್ನೆಲ್ಲ ಹೊಲಿಯುವವಳು ಅವಳೇ. ನಾವು ಮಕ್ಕಳು ಅವಳನ್ನು ಚಿಗವ್ವ ಎಂದೇ ಕರೆಯುತ್ತಿದ್ದೆವು, ರಂಜಾನಿನ ಸುರಕುಂಬಾ ಪಾಯಸ ಮೊದಲು ನಮ್ಮ ಮನೆಗೇ ಬರುತ್ತಿತ್ತು. ಅವ್ವನ ಜಂಪರ್ ತಿಂಗಳಿಗೊಮ್ಮೆ ಬಲಗಂಕುಳಲ್ಲೇ ಯಾಕೆ ಬಿಚ್ಚುತ್ತದೆ ಎಂಬುದು ಅವಳ ತಲೆ ಕೊರೆಯುತ್ತಿತ್ತು. ದಾರ ಬದಲಿಸಿದಳು, ಎರಡು ಹೊಲಿಗೆ ಹಾಕಿದಳು, ಆದರೂ ಅದೇ ಜಾಗ, ಅದೇ ತೂತು. ಒಂದು ದಿನ ಆಯಿ ಮಠಕ್ಕೆ ಹೋಗಿದ್ದಾಗ, ರೊಟ್ಟಿಯ ಹೊತ್ತಿಗೆ ಸರಿಯಾಗಿ ಬಂದು ಅಡಿಗೆಮನೆಯ ಮೂಲೆಯಲ್ಲಿ ನಿಂತು ನೋಡಿದಳು. ಅಷ್ಟು ದಿನ ಅವ್ವ ರೊಟ್ಟಿ ಬಡಿಯುವುದನ್ನು ಯಾರೂ ನಿಂತು ನೋಡಿರಲೇ ಇಲ್ಲ. ಉಂಡವರೆಲ್ಲ ಪಡಸಾಲೆಯಲ್ಲಿ ಕೂತು ಉಂಡವರು. ಮೂರು ರೊಟ್ಟಿ ಆಗುವಷ್ಟರಲ್ಲಿ ಚಿಗವ್ವ ಮುಂದೆ ಬಂದು ಅವ್ವನ ಭುಜದ ಮೇಲೆ ಕೈಯಿಟ್ಟು ಕೆಳಗೆ ಒತ್ತಿದಳು.

"ಹುಳುಕು ನಿನ್ನ ಭುಜದಾಗಿಲ್ಲವ್ವಾ, ಈ ಕಟ್ಟ್ಯಾಗ ಐತಿ" ಎಂದಳು.

ಹತ್ತು ವರ್ಷ ಮಷೀನಿನ ಮುಂದೆ ಕೂತು ತನ್ನ ಬೆನ್ನೂ ಸತ್ತೇ ಹೋಗಿತ್ತೆಂದೂ, ಕೂರುವ ಸ್ಟೂಲಿನ ಕೆಳಗೆ ಇಟ್ಟಂಗಿ ಇಟ್ಟು ಎತ್ತರಿಸಿಕೊಂಡ ಮೇಲೆ ಜೀವ ಬಂತೆಂದೂ ಹೇಳಿದಳು. ಅವ್ವ ಬೆರಗಾಗುತ್ತಾಳೆ ಎಂದು ನಾನು ಕಾದೆ. ಅವಳು ಬೆರಗಾಗಲಿಲ್ಲ. ಹಿಟ್ಟಿನ ಕೈಯಿಂದಲೇ ಚಿಗವ್ವನ ಬಾಯಿ ಮುಚ್ಚಿದಳು. ಅವಳಿಗೆ ಮೊದಲಿನಿಂದಲೂ ಗೊತ್ತಿತ್ತು! ಗೌಂಡಿ ಗೀಟು ಹಾಕಿದ ದಿನವೇ ಗೊತ್ತಿತ್ತು. ಹೆಂಡತಿಯ ಮಾತು ಮೀರಿ, ಊರೆಲ್ಲ ಕರೆತಂದು ತೋರಿಸಿ, ಮಗಳಿಗೆ ಮಾಡಿದಂತೆ ಮಾಡಿಸಿಕೊಟ್ಟ ಮಾವನಿಗೆ ಇದು ನನ್ನ ಕೈ ಮುರಿಯಿತು ಎಂದು ಹೇಗೆ ಹೇಳುವುದು? ಹೇಳಿದರೆ ಆ ಮನುಷ್ಯ ಉಣ್ಣುವುದನ್ನೇ ಬಿಟ್ಟಾನು ಎಂದು ಅವಳಿಗೆ ಹೆದರಿಕೆ. ಚಿಗವ್ವನ ಕೈಯಲ್ಲಿ ಭಾಷೆ ತೆಗೆದುಕೊಂಡಳು. ಆಮೇಲೆ ನನ್ನ ಕಡೆ ತಿರುಗಿದಳು. "ಇದನ್ನ ಬಾಯಿ ಬಿಟ್ಟು ಮುತ್ಯಾಗ ಹೇಳಿದಿ ಅಂದ್ರ ನನ್ನ ಆಣಿ ಐತಿ" ಎಂದಳು. ನಾನು ಹೂಂ ಎಂದೆ.

ಚಿಗವ್ವ ಸುಮ್ಮನೆ ಹೋಗುವ ಪೈಕಿ ಅಲ್ಲ. ಮರುದಿನ ಸೆರಗಿನಲ್ಲಿ ನಾಲ್ಕು ಇಟ್ಟಂಗಿ ಮುಚ್ಚಿಕೊಂಡು ತಂದು ಕಟ್ಟೆಯ ಮುಂದೆ ಜೋಡಿಸಿದಳು. ಅವ್ವ ಅವುಗಳ ಮೇಲೆ ನಿಂತು ಬಡಿದಳು, ಮೂರು ದಿನ ಅವಳ ಮುಖ ತಿಳಿಯಾಗಿತ್ತು. ನಾಲ್ಕನೆಯ ದಿನ ಒಂದು ಇಟ್ಟಂಗಿ ವಾಲಿ, ಬೀಳುವವಳು ಆಸರೆಗೆ ಕೈ ಚಾಚಿದ್ದು ಬಿಸಿ ಹಂಚಿಗೆ. ಎಡ ಮುಂಗೈ ಸುಟ್ಟಿತು. ಅಡಿಗೆಮನೆಯಲ್ಲಿ ಇಟ್ಟಂಗಿ ಯಾರು ತಂದರು ಎಂದು ಆಯಿ ಹಾರಾಡಿ ಅವುಗಳನ್ನು ಹಿತ್ತಲಿಗೆ ಎಸೆದಳು. ಒಂದು ಕೈ ಏಳದು, ಇನ್ನೊಂದು ಕೈ ಸುಟ್ಟಿದೆ, ಇಂಥ ಸೊಸೆಯನ್ನು ಇಟ್ಟುಕೊಂಡು ಏನು ಮಾಡುವುದು? ಅಮಾವಾಸ್ಯೆ ಮುಗಿದ ಮೇಲೆ ಅವಳನ್ನು ದೇವಣಗಾಂವಕ್ಕೆ ಬಿಟ್ಟು ಬರುವುದೆಂದು ಅಪ್ಪ ಆಯಿಗೆ ಮಾತು ಕೊಟ್ಟ. ಈ ಸಲ ಹದಿನೈದು ದಿನದ ಮಾತಿರಲಿಲ್ಲ. ಆರಾಮ ಆಗುವ ತನಕ ಅಂದ. ನನಗೆ ಶಾಲೆ ಇತ್ತಲ್ಲ, ನಾನು ಸಿಂದಗಿಯಲ್ಲೇ ಇರಬೇಕು. ಆರಾಮ ಆಗುವ ತನಕ ಅಂದರೆ ಎಷ್ಟು ದಿನ ಎಂದು ಕೇಳಿದರೆ ಅಪ್ಪ ನನ್ನ ಮುಖ ನೋಡಲಿಲ್ಲ. ಅವ್ವ ಟ್ರಂಕಿನಲ್ಲಿ ಸೀರೆ ಇಡುವಾಗ ದೀಪಾವಳಿಯ ಸೀರೆಯನ್ನೂ ಇಟ್ಟುಕೊಂಡಳು. ದೀಪಾವಳಿಗೆ ಇನ್ನೂ ಐದು ತಿಂಗಳಿತ್ತು.

ಆಣೆ ಇಟ್ಟದ್ದು ಬಾಯಿ ಬಿಡಬಾರದು ಎಂದು. ಒಂಬತ್ತು ವರ್ಷದ ಹುಡುಗಿಯ ತಲೆ ಇಂಥಲ್ಲಿ ವಕೀಲನನ್ನೂ ಮೀರಿಸುತ್ತದೆ. ಅಮಾವಾಸ್ಯೆಯ ಹಿಂದಿನ ದಿನ ಮಧ್ಯಾಹ್ನ ಮುತ್ಯಾನಿಗೆ ಊಟಕ್ಕಿಡುವುದು ನಾನೇ ಎಂದು ಹಟ ಹಿಡಿದೆ. ಮಣೆ ಹಾಕಿದೆ. ಅದರ ಮುಂದೆ ಖಾಲಿ ಎಣ್ಣೆ ಡಬ್ಬಿಯನ್ನು ನಿಲ್ಲಿಸಿ, ಅದರ ಮೇಲೆ ಅಡ್ಡಣಿಗೆ ಇಟ್ಟು, ಅಡ್ಡಣಿಗೆಯ ಮೇಲೆ ಗಂಗಾಳ ಇಟ್ಟೆ. ಮುತ್ಯಾ ಕೈಕಾಲು ತೊಳೆದು ಬಂದು ಕೂತರೆ ಗಂಗಾಳದ ಅಂಚು ಅವನ ಗದ್ದಕ್ಕೆ ಬಂದಿತ್ತು. ಮೊಮ್ಮಗಳ ಆಟ ಎಂದು ನಕ್ಕ. ಮೊಣಕೈ ಎತ್ತಿ ರೊಟ್ಟಿ ಮುರಿದ, ಪುಂಡಿಪಲ್ಲೆ ಹಚ್ಚಿದ. ಮೂರು ತುತ್ತು ಉಂಡ. ನಾಲ್ಕನೆಯದಕ್ಕೆ ಕೈ ಕೆಳಗಿಳಿಸಿ ಭುಜ ತಿಕ್ಕಿಕೊಂಡ.

"ಯಾಕ ತಂಗಿ, ಗಂಗಾಳ ಇಷ್ಟ ಮ್ಯಾಲ ಇಟ್ಟೀದಿ? ಭುಜ ಸೋಲ್ತೈತಿ" ಎಂದ.

ನಾನು ಬಾಯಿ ಬಿಡಲಿಲ್ಲ. ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡು ಅಡಿಗೆಮನೆಯ ಕಡೆ ನೋಡಿದೆ. ಅಲ್ಲಿಂದ ರೊಟ್ಟಿ ಬಡಿಯುವ ಸದ್ದು ಬರುತ್ತಿತ್ತು, ತಡೆದು ತಡೆದು, ಅಳ್ಳಕವಾಗಿ. ಮುತ್ಯಾ ನನ್ನ ಮುಖ ನೋಡಿದ, ಗಂಗಾಳ ನೋಡಿದ, ಅಡಿಗೆಮನೆಯ ಬಾಗಿಲು ನೋಡಿದ. ಆಮೇಲೆ ಅರ್ಧ ಊಟಕ್ಕೆ ಎದ್ದ. ಅವನು ಊಟದ ನಡುವೆ ಎದ್ದದ್ದನ್ನು ಅದಕ್ಕೆ ಮೊದಲು ಯಾರೂ ಕಂಡಿರಲಿಲ್ಲ. ಹೊಸ್ತಿಲ ತನಕ ಹೋದ, ಒಂದು ಗಳಿಗೆ ನಿಂತ, ಉರಿಯುವ ಒಲೆಯಿದ್ದ ಅಡಿಗೆಮನೆಯೊಳಗೆ ಕಾಲಿಟ್ಟ. ಅವ್ವ ಗಾಬರಿಯಾಗಿ ಸೆರಗೆಳೆದುಕೊಂಡು ಗೋಡೆಗೆ ಸರಿದಳು. ಅವನು ಕಟ್ಟೆಗೆ ತಾಗಿ ನಿಂತ. ಕಲ್ಲು ಸರಿಯಾಗಿ ಅವನ ಸೊಂಟಕ್ಕೆ ಬಂತು. ಹಾಗೇ ಅಂಗೈಯನ್ನು ಆ ಮಟ್ಟದಲ್ಲೇ ಹಿಡಿದು ಅವ್ವನ ಕಡೆ ತಿರುಗಿದ. ಅಂಗೈ ಅವಳ ಎದೆಯ ಮಟ್ಟಕ್ಕಿತ್ತು.

"ನನ್ನ ಸೊಂಟದ ಅಳತಿ ಕೊಟ್ಟೆವ್ವಾ ನಾ" ಎಂದ. "ಇಷ್ಟ ದಿನ ಯಾಕ ಹೇಳಲಿಲ್ಲ?"

ಅವ್ವ ಮಾವನೊಂದಿಗೆ ಎದುರು ನಿಂತು ಮಾತಾಡಿದವಳಲ್ಲ. ಗೋಡೆಗೆ ಹೇಳುವವಳ ಹಾಗೆ, "ನೀವು ಪ್ರೀತೀಲೆ ಕಟ್ಟಿಸಿದ್ರಿ" ಎಂದಳು. ಅಷ್ಟೇ.

ಮುತ್ಯಾ ಹೊರಗೆ ಬಂದ. ಮಣೆ ಎಂಜಲಾಗಬಾರದೆಂದು ಕೈ ತೊಳೆದುಕೊಂಡ. ತಾನು ಕೂತಿದ್ದ ಮಣೆಯನ್ನು ಎತ್ತಿ ಧೋತರದ ಚುಂಗಿನಿಂದ ಒರೆಸಿದ, ಒಳಗೆ ಒಯ್ದ, ಕಟ್ಟೆಯ ಮುಂದೆ ಬೆನ್ನು ಬಗ್ಗಿಸಿ ಅದನ್ನು ನೆಲಕ್ಕಿಟ್ಟು ಅಲುಗಾಡುತ್ತದೆಯೇ ಎಂದು ಎರಡೂ ಕೈಯಿಂದ ಒತ್ತಿ ನೋಡಿದ. ಹೊಲ ಮತ್ತು ದೇವರನ್ನು ಬಿಟ್ಟು ಯಾವುದಕ್ಕೂ ಬಗ್ಗದವನು. ಆಯಿ ಬಾಗಿಲಲ್ಲಿ ಬಂದು ನಿಂತು ಬಾಯಿ ಬಡಿದುಕೊಂಡಳು. ಉಣ್ಣುವ ಮಣೆಯ ಮೇಲೆ ಕಾಲಿಟ್ಟವರು ಉದ್ಧಾರ ಆಗಿದ್ದುಂಟೇ ಎಂದಳು. ಅವ್ವನೂ ಬೇಡ ಎಂದು ತಲೆ ಆಡಿಸುತ್ತ, ಅಳುತ್ತ, ಹಿಂದೆ ಹಿಂದೆ ಸರಿದಳು. ಬೇಕಾದರೆ ತನ್ನ ಕೈ ಕಡಿದು ಹೋಗಲಿ, ಮಾವನ ಮಣೆಗೆ ಕಾಲು ತಾಗಿಸಲಾರೆ ಎಂಬುದು ಅವಳ ಮುಖದಲ್ಲಿ ಬರೆದಿತ್ತು. ಮುತ್ಯಾ ಯಾರ ಮೇಲೂ ಸಿಟ್ಟಾಗಲಿಲ್ಲ.

"ಈ ಮಣಿ ನನ್ನ ಕೆಳಗಿದ್ರ ನಾ ಒಬ್ಬನ ಉಣ್ತೇನಿ" ಎಂದ. "ನಿನ್ನ ಕೆಳಗಿದ್ರ ಮನೀನ ಉಣ್ತೈತಿ. ನಿಂದರವ್ವಾ."

ಅವ್ವ ಬಗ್ಗಿ ಮಣೆಯನ್ನು ಮುಟ್ಟಿ ಕಣ್ಣಿಗೊತ್ತಿಕೊಂಡಳು. ಆಮೇಲೆ ಒಂದು ಕಾಲಿಟ್ಟಳು, ಇನ್ನೊಂದು ಕಾಲಿಟ್ಟಳು. ಅರ್ಧ ಗೇಣು ಮೇಲೇರಿದಳು, ಅಷ್ಟೇ. ಅಷ್ಟರಲ್ಲಿ ಎರಡು ವರ್ಷದಿಂದ ಏರಿಯೇ ಇದ್ದ ಅವಳ ಭುಜ ಕಿವಿಯಿಂದ ಕೆಳಗಿಳಿಯಿತು. ಮುತ್ಯಾ ಹೊರಗೆ ಬಂದು ಬರೀ ಫರಸಿಯ ಮೇಲೆ ಕೂತು, ಡಬ್ಬಿ ಸರಿಸಿ, ಉಳಿದದ್ದನ್ನು ಉಂಡ. ಒಳಗಿನಿಂದ ರೊಟ್ಟಿಯ ಸದ್ದು ಬರತೊಡಗಿತು. ಎಡವದೆ, ತಡೆಯದೆ, ಒಂದೇ ಹದದಲ್ಲಿ ಪಟಪಟನೆ. ಅದು ಅವ್ವನ ಸದ್ದು. ಎರಡು ವರ್ಷದಿಂದ ನಾನು ಕೇಳದೆ ಇದ್ದದ್ದು. ಅಮಾವಾಸ್ಯೆ ಬಂತು, ಹೋಯಿತು, ಟ್ರಂಕು ಇದ್ದಲ್ಲೇ ಇತ್ತು.

ನೋವು ರಾತ್ರೋರಾತ್ರಿ ಮಾಯವಾಯಿತು ಎಂದರೆ ಸುಳ್ಳಾಗುತ್ತದೆ. ಮೂರು ನಾಲ್ಕು ತಿಂಗಳು ಹಿಡಿಯಿತು. ಎಣ್ಣೆಯ ಬಟ್ಟಲು ಮೊದಲು ದಿನಾ ಕಾಯುತ್ತಿತ್ತು, ಆಮೇಲೆ ವಾರಕ್ಕೊಮ್ಮೆ, ಆಮೇಲೆ ಆಯಿಗೊಬ್ಬಳಿಗೇ. ದೀಪಾವಳಿ ಹತ್ತಿರ ಬಂದಾಗ ಒಂದು ಬೆಳಿಗ್ಗೆ ಆಯಿ ನನ್ನ ತಲೆ ಹಿಡಿದು ಎಳೆದಾಡುತ್ತಿದ್ದಳು. ಅವ್ವ ಬಂದು, "ತರ್ರಿ ಅತ್ತೀ, ಇಲ್ಲಿ ಕೊಡ್ರಿ" ಎಂದು ಅವಳ ಕೈಯಿಂದ ಹಣಿಗೆ ತೆಗೆದುಕೊಂಡಳು. ನನ್ನ ನೆತ್ತಿಯ ಮೇಲೆ ಅವಳ ಕೈ ಎದ್ದಿತು. ಹಣಿಗೆ ಮೇಲಿನಿಂದ ಕೆಳಗಿನ ತನಕ ತಡೆಯಿಲ್ಲದೆ ಇಳಿಯಿತು. ಎರಡು ಜಡೆ ಮುಗಿಯುವ ತನಕ ನಾನು ಉಸಿರು ಬಿಗಿಹಿಡಿದು ಕೂತಿದ್ದೆ, ರಿಬ್ಬನ್ ಕಟ್ಟಿದ ಮೇಲೆ ಹೋ ಎಂದು ಅತ್ತೆ. ಜಡೆ ಬಿಗಿಯಾಯಿತೇನು ಎಂದು ಅವ್ವ ಕೇಳಿದಳು. ಇಲ್ಲ ಎಂದೆ. ಅಷ್ಟು ಹಗುರಾದ ಅಳುವನ್ನು ಆಮೇಲೆ ನಾನು ಅತ್ತಿಲ್ಲ.

ಮುತ್ಯಾ ಸಾಯುವ ತನಕ ನೆಲದ ಮೇಲೆ ಮಡಚಿದ ಕಂಬಳಿ ಹಾಸಿಕೊಂಡೇ ಉಂಡ. ಇನ್ನೊಂದು ಮಣೆ ಮಾಡಿಸುತ್ತೇ‌ನೆ ಎಂದು ಅಪ್ಪ ಹೇಳಿದರೆ, ಇದ್ದ ಮಣೆ ಕೆಲಸದಾಗ ಐತಿ, ಎರಡನೇದು ಯಾಕ ಎಂದು ನಗುತ್ತಿದ್ದ. ಆಯಿ ತನ್ನ ತಪ್ಪನ್ನು ಕಡೆಗೂ ಒಪ್ಪಲಿಲ್ಲ. ಆದರೆ ಮುತ್ಯಾ ಹೋದ ಮೇಲೆ ದಿನಾ ಸಂಜೆ ಅಡಿಗೆಮನೆಗೆ ಹೋಗಿ ಆ ಮಣೆಯನ್ನು ಹಸಿ ಅರಿವೆಯಿಂದ ಒರೆಸಿ ಗೋಡೆಗೆ ಆನಿಸಿ ಇಡುತ್ತಿದ್ದಳು. ಸೊಸೆಯ ಕಾಲಿನ ಮಣೆಯನ್ನು ಅತ್ತೆ ಒರೆಸುತ್ತಾಳೆ ಎಂದು ಯಾರೋ ಆಡಿಕೊಂಡರೆ, ನಾ ಒರೆಸೋದು ನನ್ನ ಗಂಡನ ಮಣಿ ಎಂದು ಬಾಯಿ ಮುಚ್ಚಿಸಿದಳು. ಆಯಿಯೂ ಹೋದಳು. ಅಪ್ಪನ ಪಾಲಿಗೆ ಬಂದ ಜಾಗದಲ್ಲಿ ಈಗ ಸಾಲು ಮಳಿಗೆಗಳಿವೆ. ಬೆಳಕಿಂಡಿ ಇದ್ದ ಕಡೆ ಮೊಬೈಲ್ ಅಂಗಡಿಯವನ ಬೋರ್ಡು ಇದೆ. ಮನೆ ಕೆಡವುವಾಗ ಕಡಪಾ ಕಟ್ಟೆ ಮೂರೇ ಏಟಿಗೆ ಮುರಿಯಿತಂತೆ. ಅವ್ವ ಅಲ್ಲಿಂದ ತಂದದ್ದು ಮಣೆಯೊಂದೇ. ಮಾಬೂಬಿ ಚಿಗವ್ವ ಅದನ್ನು ಹಳೇ ಪತ್ತಲದ ಸೀರೆಯಲ್ಲಿ ಸುತ್ತಿ ಹೊಲಿದು ಕೊಟ್ಟಿದ್ದಳು.

ಬಾಗೇವಾಡಿಯಲ್ಲಿ ನಾವು ಮನೆ ಕಟ್ಟಿಸುವಾಗ ಅಪ್ಪ ಇರಲಿಲ್ಲ, ಅವ್ವ ನನ್ನ ಜೊತೆ ಇರಲು ಒಪ್ಪಿದ್ದಳು. ನಾನು ಮುತ್ಯಾನ ಎತ್ತರಕ್ಕೆ ಬೆಳೆದವಳು. ಗೌಂಡಿ ಅಡಿಗೆ ಕಟ್ಟೆಯ ಅಳತೆ ಕೇಳಿದಾಗ ನಾನು ಅವ್ವನನ್ನೇ ಕೈ ಹಿಡಿದು ಕರೆತಂದು ಅವನ ಮುಂದೆ ನಿಲ್ಲಿಸಿದೆ. ಈ ಮನೆಯಲ್ಲಿ ನಮ್ಮವ್ವನ ಸೊಂಟದ ಅಳತೆಗೇ ಕಟ್ಟೆ ಎಂದು ದೊಡ್ಡದಾಗಿ ಹೇಳಿದೆ. ಅವ್ವ ಬೇಡ ಎಂದಳು, ದಿನಾ ನಿಲ್ಲುವವಳು ನೀನು, ನಿನ್ನ ಅಳತೆ ಹಿಡಿ ಎಂದಳು. ನಾನು ಕೇಳಬೇಕಲ್ಲ! ಎಂಟು ವರ್ಷ ಅವಳು ಆ ಕಟ್ಟೆಯ ಮುಂದೆ ಮಣೆಯಿಲ್ಲದೆ, ಭುಜ ಇಳಿಬಿಟ್ಟು, ಹಾಡು ಗುನುಗುತ್ತ ನಾಲ್ಕು ನಾಲ್ಕು ರೊಟ್ಟಿ ಬಡಿದಳು. ಅದನ್ನು ನೋಡುವುದೇ ನನಗೊಂದು ಹಬ್ಬ. ಉಳಿದ ರೊಟ್ಟಿ ನಾನು ಬಡಿಯುತ್ತಿದ್ದೆ, ಬಗ್ಗಿ. ಸೊಂಟ ನೋಯತೊಡಗಿದಾಗ ಎಣ್ಣೆ ಕಾಯಿಸಿದರೆ ವಾಸನೆಗೆ ಅವಳಿಗೆ ತಿಳಿದೀತೆಂದು ಶಾಲೆಯಲ್ಲೇ ಮುಲಾಮು ತಿಕ್ಕಿಕೊಂಡು ಬರುತ್ತಿದ್ದೆ. ಯಾಕೆ ಸೊಂಟ ಹಿಡಿದು ನಡೆಯುತ್ತೀ ಎಂದು ಒಮ್ಮೆ ಕೇಳಿದ್ದಳು. ಶಾಲೆಯಲ್ಲಿ ನಿಂತು ನಿಂತು ಎಂದೆ. ಅವಳು ಕಟ್ಟೆಯನ್ನೊಮ್ಮೆ ನನ್ನನ್ನೊಮ್ಮೆ ನೋಡಿ, "ನೀನೂ ನಿಮ್ಮ ಮುತ್ಯಾನಂಗ ಮಾಡಿದಿ, ನನ್ನಂಗ ಮುಚ್ಚಿಟ್ಟಿ" ಎಂದಳು. ಅವಳು ಹೋಗಿ ಈಗ ಎರಡು ವರ್ಷ. ಆದರೂ ಕಟ್ಟೆ ಎತ್ತರಿಸುವ ಮನಸ್ಸು ನನಗೆ ಬಂದಿರಲಿಲ್ಲ. ಒಡೆದರೆ ಅವ್ವನ ಅಳತೆ ಹೋಗುತ್ತದೆ.

ಎಣ್ಣೆ ಕಾಯಿಸಿದ ಮರುದಿನ ವಿಜಯಪುರಕ್ಕೆ ಹೋದೆ. ವ್ಯಾಯಾಮ ಹೇಳಿಕೊಡುವ ಡಾಕ್ಟರು ಸಣ್ಣ ಹುಡುಗಿ. ಎಕ್ಸ್‌ರೇಯಲ್ಲಿ ಏನೂ ಇಲ್ಲ ಎಂದು ಅದನ್ನು ಬದಿಗಿಟ್ಟು, ಹೇಗೆ ಮಲಗುತ್ತೀರಿ, ಹೇಗೆ ಕೂರುತ್ತೀರಿ ಎಂದು ಒಂದೊಂದೇ ಕೇಳಿದಳು. ಕಡೆಗೆ ರೊಟ್ಟಿ ಹೇಗೆ ಬಡಿಯುತ್ತೀರಿ ತೋರಿಸಿ ಎಂದಳು. ನಾನು ಅವಳ ಮೇಜಿನ ಮುಂದೆ ನಿಂತು, ಮನೆಯಲ್ಲಿ ಬಗ್ಗುವಷ್ಟೇ ಬಗ್ಗಿ ಗಾಳಿಯಲ್ಲೇ ರೊಟ್ಟಿ ಬಡಿದೆ. "ಇಷ್ಟ ಬಗ್ಗತೀರಿ? ಕಟ್ಟಿ ಯಾರ ಅಳತಿಗೆ ಕಟ್ಟಿಸೀರಿ?" ಎಂದಳು. ನನಗೆ ನಗು ಶುರುವಾಯಿತು. ನಿಲ್ಲಿಸಲಿಕ್ಕಾಗದೆ ಕಣ್ಣಲ್ಲಿ ನೀರು ಬಂತು. ಆ ಹುಡುಗಿ ನೀರಿನ ಗ್ಲಾಸು ತಂದುಕೊಟ್ಟಳು, ಪಾಪ.

ಮನೆಗೆ ಬಂದು ಅವ್ವನ ಮಂಚದ ಕೆಳಗಿನಿಂದ ಗಂಟು ಎಳೆದೆ. ಚಿಗವ್ವನ ಹೊಲಿಗೆ ಅಷ್ಟು ಸುಲಭಕ್ಕೆ ಬಿಚ್ಚಲಿಲ್ಲ. ಮಣೆಯ ಮೇಲೆ ಎರಡು ಪಾದದ ಗುರುತು ಹಾಗೇ ಇದ್ದವು, ಸಣ್ಣವು, ನುಣ್ಣಗೆ ಸವೆದು ಕಪ್ಪಾದವು. ತೊಳೆದು, ಒರೆಸಿ, ಎತ್ತಿ ಕಟ್ಟೆಯ ಮೇಲಿಟ್ಟೆ. ಅರ್ಧ ಗೇಣು ಎತ್ತರ. ನನಗೆ ಬೇಕಾದದ್ದು ಅಷ್ಟೇ ಇತ್ತು. ಕಾಲಿಟ್ಟ ಮಣೆಯನ್ನು ಅಡಿಗೆಯ ಕಟ್ಟೆಯ ಮೇಲೆ ಇಟ್ಟಳಲ್ಲ ಎಂದು ಆಯಿ ಎಲ್ಲಿಂದಲೋ ಬಾಯಿ ಬಡಿದುಕೊಂಡದ್ದು ನನಗೆ ಕೇಳಿಸಿತು. ಬೋರಲು ಹಾಕಲೇ ಎಂದು ಒಂದು ಗಳಿಗೆ ಯೋಚಿಸಿದೆ. ಹಾಕಲಿಲ್ಲ. ಪಾದದ ಗುರುತಿನ ಮೇಲೇ ಪರಾತ ಇಟ್ಟು, ಹಿಟ್ಟು ನಾದಿ, ನೆಟ್ಟಗೆ ನಿಂತು ರೊಟ್ಟಿ ಬಡಿದೆ. ಎಂಟನೆಯದೋ ಒಂಬತ್ತನೆಯದೋ ಹಂಚಿಗೆ ಹಾಕುವಾಗ, ಸೊಂಟ ಹಿಡಿದುಕೊಳ್ಳುವುದನ್ನೇ ಮರೆತಿದ್ದೇನೆ ಎಂದು ತಿಳಿಯಿತು. ಕಾಯಿಸಿಟ್ಟ ಎಣ್ಣೆ ಬಟ್ಟಲಲ್ಲಿ ಅರ್ಧ ಹಾಗೇ ಉಳಿದಿತ್ತು. ಮೊದಲ ರೊಟ್ಟಿಯನ್ನು ಮುರಿದು ಮಣೆಯ ಅಂಚಿಗಿಟ್ಟು, ಉಣ್ಣು ಅವ್ವಾ ಎಂದೆ.